ಆರು ರ‍್ಯಾಂಡಮ್ ಬೈಟ್ ಸಾಲದು: ಸ್ಕ್ರಿಪ್ಟಿನಲ್ಲಿ ಮ್ಯಾಕ್ ಅಡ್ರೆಸ್ ಹುಟ್ಟಿಸುವಾಗ

ಲಿನಕ್ಸಿನ ಕೆವಿಎಂ ಮೇಲೆ ವರ್ಚುವಲ್ ಮಷೀನ್ (ವಿಎಂ, ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಎಬ್ಬಿಸಿದ ಇನ್ನೊಂದು ಕಂಪ್ಯೂಟರ್) ಕಟ್ಟುವವರು, ಕಂಟೇನರ್‌ಗಳನ್ನು ಬ್ರಿಡ್ಜ್‌ಗೆ (ಸಾಫ್ಟ್‌ವೇರಿನ ಸ್ವಿಚ್‌ಗೆ) ಜೋಡಿಸುವವರು, ಯಂತ್ರಗಳಿಗೆ ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಎಷ್ಟು ಭಾರ ತಡೆಯುತ್ತದೆಂದು ನೋಡಲು ಸಾವಿರ ನಕಲಿ ಕ್ಲೈಂಟ್ ಎಬ್ಬಿಸುವವರು, ಎಲ್ಲರಿಗೂ ಒಂದಲ್ಲ ಒಂದು ಹಂತದಲ್ಲಿ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡನ್ನು ಗುರುತಿಸುವ ಸಂಖ್ಯೆ) ತಯಾರಿಸುವ ಪುಟ್ಟ ಸ್ಕ್ರಿಪ್ಟ್ ಬೇಕಾಗುತ್ತದೆ. ಹುಡುಕಿದರೆ ಸಿಗುವುದು ಬಹುಪಾಲು ಒಂದೇ ಸಾಲಿನ ಮಂತ್ರ: ಸೊನ್ನೆಯಿಂದ 255ರೊಳಗೆ ಆರು ರ‍್ಯಾಂಡಮ್ ಸಂಖ್ಯೆ ತೆಗೆ, ಹೆಕ್ಸ್ (ಹದಿನಾರರ ಮಾನ) ಮಾಡು, ನಡುವೆ ಕೋಲನ್ ಹಾಕು. ಸ್ಕ್ರಿಪ್ಟ್ ಓಡುತ್ತದೆ, ಅಡ್ರೆಸ್ಸಿನಂತೆ ಕಾಣುವ ಸಾಲೂ ಬರುತ್ತದೆ. ಆದರೆ ಹಾಗೆ ಬಂದವುಗಳಲ್ಲಿ ಅರ್ಧದಷ್ಟನ್ನು ಯಾವ ನೆಟ್‌ವರ್ಕ್ ಕಾರ್ಡಿಗೂ ಕೊಡುವಂತಿಲ್ಲ. ಇನ್ನು ಕಾಲು ಭಾಗ ಕಂಪನಿಗಳಿಗೆಂದು ಮೀಸಲಾದ ಜಾಗದವು. ನಿಜವಾಗಿ ನಮ್ಮ ಬಳಕೆಗೆ ಇರುವುದು ಉಳಿದ ಕಾಲು ಭಾಗ ಮಾತ್ರ.

ಹೆಕ್ಸ್‌ನಲ್ಲಿ ಬರುವ ಅಕ್ಷರಗಳನ್ನು ಈ ಬರಹದಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಲೆಕ್ಕಗಳನ್ನು ಆದಷ್ಟು ದಶಮಾನದಲ್ಲಿ ಕೊಟ್ಟಿದ್ದೇನೆ. ಸ್ಕ್ರಿಪ್ಟಿಗೆ ಎರಡೂ ಒಂದೇ.

ಎಲ್ಲ ತಕರಾರು ಮೊದಲ ಬೈಟಿನಲ್ಲಿ

ಮ್ಯಾಕ್ ಅಡ್ರೆಸ್ ಎಂದರೆ 48 ಬಿಟ್, ಆರು ಬೈಟ್. ಕಾರ್ಡ್ ತಯಾರಿಸುವ ಕಂಪನಿಗಳಿಗೆ ಐಇಇಇ ಸಂಸ್ಥೆ ಬ್ಲಾಕ್‌ಗಳನ್ನು ಹಂಚುತ್ತದೆ. ದೊಡ್ಡ ಬ್ಲಾಕ್‌ನಲ್ಲಿ ಮೊದಲ 24 ಬಿಟ್ ಕಂಪನಿಯದು, ಉಳಿದ 24 ಬಿಟ್‌ನಲ್ಲಿ 1,67,77,216 ಅಡ್ರೆಸ್ ಸಿಗುತ್ತವೆ. ಮಧ್ಯಮ ಬ್ಲಾಕ್‌ನಲ್ಲಿ 10,48,576, ಚಿಕ್ಕದರಲ್ಲಿ 4,096. ಹಾಗಾಗಿ ಮೊದಲ ಮೂರು ಬೈಟ್ ನೋಡಿದರೆ ಕಂಪನಿ ಯಾವುದೆಂದು ಗೊತ್ತಾಗುತ್ತದೆ ಎಂಬ ಮಾತು ದೊಡ್ಡ ಬ್ಲಾಕ್‌ಗೆ ಮಾತ್ರ ಪೂರ್ತಿ ನಿಜ.

ಸ್ಕ್ರಿಪ್ಟ್ ಬರೆಯುವವರು ನೋಡಬೇಕಾದದ್ದು ಮೊದಲ ಬೈಟಿನ ಕೆಳಗಿನ ಎರಡು ಬಿಟ್. ತೀರಾ ಕೆಳಗಿನದು, ಅಂದರೆ 1ರ ಸ್ಥಾನದ್ದು, ಸೊನ್ನೆಯಾಗಿದ್ದರೆ ಯೂನಿಕಾಸ್ಟ್ (ಒಬ್ಬರಿಗೆ), ಒಂದಾಗಿದ್ದರೆ ಮಲ್ಟಿಕಾಸ್ಟ್ (ಗುಂಪಿಗೆ). ಕಾರ್ಡಿನ ಸ್ವಂತ ಅಡ್ರೆಸ್ ಯಾವತ್ತೂ ಯೂನಿಕಾಸ್ಟೇ ಇರಬೇಕು. ಅದರ ಪಕ್ಕದ್ದು, 2ರ ಸ್ಥಾನದ್ದು, ಸೊನ್ನೆಯಾಗಿದ್ದರೆ ಐಇಇಇ ಹಂಚಿದ ಜಾಗತಿಕ ಅಡ್ರೆಸ್. ಒಂದಾಗಿದ್ದರೆ ಸ್ಥಳೀಯವಾಗಿ ನಾವೇ ಇಟ್ಟುಕೊಂಡದ್ದು. ನಮಗೆ ಬೇಕಾದ್ದು ಕೆಳಗಿನದು ಸೊನ್ನೆ, ಅದರ ಮೇಲಿನದು ಒಂದು.

ಲೆಕ್ಕ ಇಷ್ಟೇ: ಮೊದಲ ಬೈಟನ್ನು 252ರ ಜೊತೆ ಆ್ಯಂಡ್ ಮಾಡಿ (ಎರಡರಲ್ಲೂ ಒಂದಿರುವ ಬಿಟ್ ಮಾತ್ರ ಉಳಿಯುತ್ತದೆ), ಬಂದದ್ದನ್ನು 2ರ ಜೊತೆ ಆರ್ ಮಾಡಿ (ಯಾವುದಾದರೊಂದರಲ್ಲಿ ಒಂದಿದ್ದರೂ ಉಳಿಯುತ್ತದೆ). 167 ಬಂತೆನ್ನಿ. 252ರ ಜೊತೆ ಆ್ಯಂಡ್ ಮಾಡಿದರೆ 164, ಅದಕ್ಕೆ 2 ಆರ್ ಮಾಡಿದರೆ 166, ಹೆಕ್ಸ್‌ನಲ್ಲಿ ಎ6. ಲಿನಕ್ಸ್ ಕರ್ನಲ್ ತಾನೇ ರ‍್ಯಾಂಡಮ್ ಅಡ್ರೆಸ್ ಕೊಡಬೇಕಾದಾಗ ಮಾಡುವುದೂ ಇದನ್ನೇ. ಅಲ್ಲಿ 254ರ ಜೊತೆ ಆ್ಯಂಡ್, ಆಮೇಲೆ 2ರ ಜೊತೆ ಆರ್. ಫಲ ಒಂದೇ. ಸ್ಕ್ರಿಪ್ಟಿನ ಫಲಿತಾಂಶ ಸರಿಯೋ ಇಲ್ಲವೋ ಎಂದು ಕಣ್ಣಲ್ಲೇ ನೋಡಬೇಕಿದ್ದರೆ ಎರಡನೇ ಹೆಕ್ಸ್ ಅಂಕಿ ನೋಡಿ: ಅದು 2, 6, ಎ, ಇ ಇವುಗಳಲ್ಲೊಂದಾಗಿರಬೇಕು. ಮನೆಯ ರೂಟರ್‌ನ ಕ್ಲೈಂಟ್ ಪಟ್ಟಿಯಲ್ಲಿ ಗುರುತು ಸಿಗದ ಸಾಲುಗಳಿಗೂ ಇದೇ ಪರೀಕ್ಷೆ ಮಾಡಿ ನೋಡಿ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದೀಚೆಗೆ ಫೋನುಗಳು ವೈಫೈಗೆ ತಮ್ಮ ನಿಜ ಅಡ್ರೆಸ್ ಬದಲು ಇಂಥವನ್ನೇ ಕೊಡುತ್ತವೆ.

ಇಲ್ಲಿ ಎರಡು ತಪ್ಪು ಪದೇಪದೇ ಕಾಣುತ್ತವೆ. ಮೊದಲನೆಯದು, 2ರ ಜೊತೆ ಆರ್ ಮಾತ್ರ ಮಾಡಿ ಆ್ಯಂಡ್ ಬಿಟ್ಟುಬಿಡುವುದು. 167ಕ್ಕೆ 2 ಆರ್ ಮಾಡಿದರೆ 167ಆಗಿಯೇ ಉಳಿಯುತ್ತದೆ. ಬೆಸ ಸಂಖ್ಯೆ, ಅಂದರೆ ಮಲ್ಟಿಕಾಸ್ಟ್. ಎರಡನೆಯದು ಬಿಟ್‌ಗಳನ್ನು ಎಣಿಸುವ ದಿಕ್ಕಿನದು. ಈಥರ್‌ನೆಟ್ ತಂತಿಯ ಮೇಲೆ ಪ್ರತಿ ಬೈಟಿನ ಕೆಳಗಿನ ಬಿಟ್ ಮೊದಲು ಹೋಗುತ್ತದೆ. ಅದಕ್ಕೇ ಕೆಲವು ದಾಖಲೆಗಳು ಮಲ್ಟಿಕಾಸ್ಟ್ ಬಿಟ್ಟನ್ನು ಮೊದಲ ಬಿಟ್ ಎನ್ನುತ್ತವೆ, ಕೆಲವು ಎಂಟನೆಯದು ಎನ್ನುತ್ತವೆ. ಇದನ್ನು ಓದಿ 128, 64ರ ಸ್ಥಾನಗಳನ್ನು ತಿದ್ದಿದ ಸ್ಕ್ರಿಪ್ಟ್‌ಗಳಿವೆ. ಅವು ಅರ್ಧ ಸಲ ಕೆಲಸ ಮಾಡುತ್ತವೆ, ಅದೃಷ್ಟದಿಂದ.

ಈ ಅರ್ಧ ಸಲ ಎನ್ನುವುದೇ ತಲೆನೋವು. ಲಿನಕ್ಸಿನಲ್ಲಿ ಐಪಿ ಲಿಂಕ್ ಸೆಟ್ ಆಜ್ಞೆಗೆ ಮಲ್ಟಿಕಾಸ್ಟ್ ಅಡ್ರೆಸ್ ಕೊಟ್ಟರೆ, ಕೇಳಿದ ಅಡ್ರೆಸ್ ಕೊಡಲಾಗದು ಎಂಬ ಅರ್ಥದ ದೋಷ ಬರುತ್ತದೆ. ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಇನ್ನೂ ಸ್ಪಷ್ಟ: ಯೂನಿಕಾಸ್ಟ್ ಬೇಕಿತ್ತು, ಮಲ್ಟಿಕಾಸ್ಟ್ ಸಿಕ್ಕಿತು ಎಂದು ಅಡ್ರೆಸ್ ಸಮೇತ ಹೇಳುತ್ತದೆ. ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಸರಿಹೋಗುವುದರಿಂದ, ಯಾವುದೋ ಟೈಮಿಂಗ್ ದೋಷವೆಂದು ಭಾವಿಸಿ ಒಟ್ಟು ಮೂರು ಸಲ ಪ್ರಯತ್ನಿಸುವ ಲೂಪ್ ಸೇರಿಸಿಬಿಡುತ್ತಾರೆ. ದೋಷ ಹಾಗೇ ಉಳಿಯುತ್ತದೆ, ಎಂಟಕ್ಕೆ ಒಂದು ಸಲ ಮುಖ ತೋರಿಸುತ್ತದೆ.

ಪೈಥಾನಿನ ಯುಯುಐಡಿ ಮಾಡ್ಯೂಲ್‌ನಲ್ಲಿರುವ ಗೆಟ್‌ನೋಡ್ ಫಂಕ್ಷನ್ನಿನ ಬಗ್ಗೆಯೂ ಎಚ್ಚರ. ಯಂತ್ರದ ಮ್ಯಾಕ್ ಸಿಗದಿದ್ದಾಗ ಅದು 48 ಬಿಟ್‌ನ ರ‍್ಯಾಂಡಮ್ ಸಂಖ್ಯೆ ಕೊಡುತ್ತದೆ ನಿಜ, ಆದರೆ ಬೇಕೆಂದೇ ಮಲ್ಟಿಕಾಸ್ಟ್ ಬಿಟ್ ಹಾಕಿ ಕೊಡುತ್ತದೆ. ನಿಜವಾದ ಕಾರ್ಡಿನ ಅಡ್ರೆಸ್ಸಿಗೆ ಅದು ಎಂದೂ ಡಿಕ್ಕಿ ಹೊಡೆಯಬಾರದೆಂಬುದು ಅಲ್ಲಿನ ಉದ್ದೇಶ. ಅಂದರೆ ನಮ್ಮ ಕೆಲಸಕ್ಕೆ ನೇರವಾಗಿ ಬಾರದು.

ಇನ್ನೂ ಶಿಸ್ತು ಬೇಕೆನ್ನುವವರಿಗೆ 2017ರ ಐಇಇಇ 802ಸಿ ಇದೆ. ಅದು ಸ್ಥಳೀಯ ಅಡ್ರೆಸ್‌ಗಳನ್ನೇ ನಾಲ್ಕು ಪಾಲು ಮಾಡಿದೆ. ಎರಡನೇ ಅಂಕಿ 2 ಇದ್ದರೆ ಆಯಾ ನೆಟ್‌ವರ್ಕ್‌ನ ಆಡಳಿತಗಾರರ ಇಷ್ಟ, 6 ಮುಂದಿನ ಬಳಕೆಗೆ ಕಾದಿರಿಸಿದ್ದು, ಎ ಮತ್ತು ಇ ಬೇರೆ ವ್ಯವಸ್ಥೆಗಳಿಗೆ. ಫೋನುಗಳು ಇದನ್ನು ಲೆಕ್ಕಿಸದೆ ನಾಲ್ಕನ್ನೂ ಬಳಸುತ್ತವೆ. ಆದರೂ ಹೊಸದಾಗಿ ಸ್ಕ್ರಿಪ್ಟ್ ಬರೆಯುವಾಗ 252ರ ಬದಲು 240ರ ಜೊತೆ ಆ್ಯಂಡ್ ಮಾಡಿದರೆ ಎರಡನೇ ಅಂಕಿ ಸದಾ 2 ಆಗಿರುತ್ತದೆ. 44 ಬಿಟ್ ಉಳಿಯುತ್ತವೆ, ಅದೇ ಧಾರಾಳ.

ಪ್ರಿಫಿಕ್ಸ್ ಹಿಡಿದರೆ ಎಷ್ಟು ಉಳಿಯುತ್ತದೆ

ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್‌ಗಳಾದ ಹೈಪರ್‌ವೈಸರ್‌ಗಳಿಗೆ ತಮ್ಮತಮ್ಮ ಪ್ರಿಫಿಕ್ಸ್, ಅಂದರೆ ಅಡ್ರೆಸ್ಸಿನ ಮೊದಲ ಮೂರು ಬೈಟ್, ಇವೆ. ಝೆನ್‌ಗೆ 00:16:3ಇ, ವರ್ಚುವಲ್‌ಬಾಕ್ಸ್‌ಗೆ 08:00:27, ಹೈಪರ್-ವಿಗೆ 00:15:5ಡಿ. ವಿಎಂವೇರ್ ತಾನಾಗಿ ಕೊಡುವಾಗ 00:0ಸಿ:29 ಬಳಸುತ್ತದೆ, ಕೈಯಾರೆ ಬರೆಯುವವರಿಗೆ 00:50:56 ಬಿಟ್ಟಿದೆ, ಅದೂ ನಾಲ್ಕನೇ ಬೈಟ್ 00ರಿಂದ 3ಎಫ್‌ವರೆಗೆ ಮಾತ್ರ. ಇವೆಲ್ಲ ನೋಂದಾಯಿಸಿದ ಜಾಗತಿಕ ಪ್ರಿಫಿಕ್ಸ್‌ಗಳು. ಕ್ಯೂಎಮು ಮತ್ತು ಕೆವಿಎಂ ಬಳಸುವ 52:54:00 ಮಾತ್ರ ಸ್ಥಳೀಯ ವರ್ಗದ್ದು. ಎರಡನೇ ಅಂಕಿ 2 ಅಲ್ಲವೇ.

ಪ್ರಿಫಿಕ್ಸ್‌ನಿಂದ ಒಂದು ಉಪಕಾರವಿದೆ. ಸ್ವಿಚ್‌ನ ಟೇಬಲ್ ನೋಡುವಾಗ ಇದು ವಿಎಂ, ಇದು ನಿಜವಾದ ಯಂತ್ರ ಎಂದು ಕೂಡಲೇ ಗೊತ್ತಾಗುತ್ತದೆ. ಬದಲಿಗೆ ರ‍್ಯಾಂಡಮ್ ಜಾಗ ಕುಗ್ಗುತ್ತದೆ. ಮೂರು ಬೈಟ್ ಪ್ರಿಫಿಕ್ಸ್ ಹೋದರೆ ಉಳಿಯುವುದು 24 ಬಿಟ್. ರೆಡ್ ಹ್ಯಾಟ್ ದಾಖಲೆಗಳಿಂದ ಹರಡಿದ ಹಳೆಯ ಪೈಥಾನ್ ಸ್ಕ್ರಿಪ್ಟ್ ಝೆನ್ ಪ್ರಿಫಿಕ್ಸ್ ಹಾಕಿ ನಾಲ್ಕನೇ ಬೈಟನ್ನು 127ಕ್ಕೇ ನಿಲ್ಲಿಸುತ್ತದೆ. ಅಲ್ಲಿ 23 ಬಿಟ್, 83,88,608 ಅಡ್ರೆಸ್ ಮಾತ್ರ.

ಎಂಬತ್ಮೂರು ಲಕ್ಷ ಎಂದರೆ ಬಹಳವೆನಿಸುತ್ತದೆ. ಆದರೆ ಯಾವುದೋ ಎರಡು ಒಂದೇ ಆಗುವ ಸಂಭವ ಯಂತ್ರಗಳ ಸಂಖ್ಯೆಯ ವರ್ಗದಂತೆ ಏರುತ್ತದೆ. 24 ಬಿಟ್ ಇದ್ದಾಗ 1,000 ಯಂತ್ರಗಳಿಗೆ ಶೇಕಡಾ 3ರಷ್ಟು, ಸುಮಾರು 4,800 ಯಂತ್ರಗಳಾಗುವಷ್ಟರಲ್ಲಿ ಅರ್ಧಕ್ಕರ್ಧ. 23 ಬಿಟ್ ಇದ್ದರೆ 3,400ರ ಆಸುಪಾಸಿನಲ್ಲೇ ಅರ್ಧ. ಮೊದಲ ಬೈಟ್ 02 ಎಂದು ಖಾಯಂ ಮಾಡಿ ಉಳಿದ ಐದನ್ನೂ ರ‍್ಯಾಂಡಮ್ ಬಿಟ್ಟರೆ 40 ಬಿಟ್; 1,000 ಯಂತ್ರಗಳಲ್ಲಿ ಡಿಕ್ಕಿಯ ಸಂಭವ ಇಪ್ಪತ್ತೆರಡು ಲಕ್ಷಕ್ಕೆ ಒಂದು. ಪೂರ್ತಿ 46 ಬಿಟ್ ಬಳಸಿದರೆ ಒಂದು ಲಕ್ಷ ಯಂತ್ರಗಳಿದ್ದರೂ ಶೇಕಡಾ 0.007. ಡಿಕ್ಕಿ ತೊಂದರೆ ಕೊಡುವುದು ಒಂದೇ ಬ್ರಾಡ್‌ಕಾಸ್ಟ್ ವಲಯದಲ್ಲಿ ಮಾತ್ರ. ಬೇರೆಬೇರೆ ವಿಲ್ಯಾನ್‌ಗಳಲ್ಲಿ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್‌ಗಳಲ್ಲಿ) ಒಂದೇ ಅಡ್ರೆಸ್ ಇದ್ದರೆ ಸಾಮಾನ್ಯವಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ.

ಹತ್ತಿಪ್ಪತ್ತು ವಿಎಂಗಳ ಲ್ಯಾಬ್‌ಗೆ 52:54:00 ಸಾಕು. ದೊಡ್ಡದಕ್ಕೆ 02 ಜೊತೆ ಐದು ಬೈಟ್ ಎಂಬುದು ನನ್ನ ಆಯ್ಕೆ. ಬೇರೆ ಕಂಪನಿಯ ಪ್ರಿಫಿಕ್ಸನ್ನು ಚೆನ್ನಾಗಿ ಕಾಣುತ್ತದೆಂದು ಎತ್ತಿ ಹಾಕುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಕ್ಯೂಎಮುವನ್ನು ನೇರವಾಗಿ ಆಜ್ಞೆ ಕೊಟ್ಟು ಓಡಿಸುವವರು ಒಂದು ವಿಷಯ ಗಮನಿಸಿ. ಅಡ್ರೆಸ್ ಹೇಳದಿದ್ದರೆ ಅದು ರ‍್ಯಾಂಡಮ್ ಕೊಡುವುದಿಲ್ಲ, ಯಾವಾಗಲೂ 52:54:00:12:34:56 ಕೊಡುತ್ತದೆ. ಅದೇ ವಿಎಂನ ಎರಡನೇ ಕಾರ್ಡಿಗೆ ಕೊನೆಯ ಬೈಟ್ ಒಂದು ಏರುತ್ತದೆ ಅಷ್ಟೆ. ಒಂದೇ ಬ್ರಿಡ್ಜ್‌ಗೆ ಇಂಥ ಎರಡು ವಿಎಂ ಹಾಕಿದರೆ ಕಿತ್ತಾಟ ಖಚಿತ. ರ‍್ಯಾಂಡಮ್ ಕೊಡುವುದು ಅದರ ಮೇಲೆ ಕೂತ ಲಿಬ್‌ವರ್ಟ್.

ಭಾಷೆಭಾಷೆಗೂ ಒಂದೊಂದು ಕುಳಿ

ಪೈಥಾನ್ 3.8 ಅಥವಾ ಮುಂದಿನದಿದ್ದರೆ ಕೆಲಸ ಮೂರು ಸಾಲು. ಸೀಕ್ರೆಟ್ಸ್ ಮಾಡ್ಯೂಲ್‌ನ ಟೋಕನ್ ಬೈಟ್ಸ್ ಫಂಕ್ಷನ್ನಿನಿಂದ 6 ಬೈಟ್ ತೆಗೆದು ಬೈಟ್‌ಅರೇ ಮಾಡಿ, ಮೊದಲನೆಯದನ್ನು ಮೇಲೆ ಹೇಳಿದಂತೆ ತಿದ್ದಿ, ಹೆಕ್ಸ್ ಮೆಥಡ್‌ಗೆ ಕೋಲನ್ ಕೊಟ್ಟು ಅಚ್ಚು ಹಾಕಿ. ಬೈಟ್‌ಅರೇ ಮಾಡದೆ ಬರೀ ಬೈಟ್ಸ್ ಇಟ್ಟುಕೊಂಡರೆ ಮೊದಲ ಬೈಟ್ ತಿದ್ದುವ ಸಾಲಿನಲ್ಲಿ ಟೈಪ್ ಎರರ್ ಬರುತ್ತದೆ, ಬೈಟ್ಸ್ ಬದಲಾಯಿಸಲಾಗದ ವಸ್ತು. ರ‍್ಯಾಂಡಮ್ ಮಾಡ್ಯೂಲ್ ಬಳಸುವವರಿಗೆ ಗೊಂದಲವಾಗುವುದು ಅಂಚಿನಲ್ಲಿ. ರ‍್ಯಾಂಡ್‌ಇಂಟ್ ಎರಡೂ ತುದಿ ಸೇರಿಸಿಕೊಳ್ಳುತ್ತದೆ, ರ‍್ಯಾಂಡ್‌ರೇಂಜ್ ಮೇಲಿನ ತುದಿ ಬಿಡುತ್ತದೆ. ರ‍್ಯಾಂಡ್‌ಇಂಟ್‌ಗೆ 0 ಮತ್ತು 256 ಕೊಟ್ಟರೆ ಅಪರೂಪಕ್ಕೊಮ್ಮೆ 256 ಬಂದು ಹೆಕ್ಸ್‌ನಲ್ಲಿ 100 ಎಂಬ ಮೂರಂಕಿ ಅಡ್ರೆಸ್ಸಿನೊಳಗೆ ಕೂರುತ್ತದೆ. ಐದು ಬೈಟ್ ಹೀಗೆ ತೆಗೆದರೆ ಐವತ್ತೊಂದು ಅಡ್ರೆಸ್ಸಿಗೆ ಒಂದರಂತೆ ಕೆಡುತ್ತದೆ.

ಹೆಕ್ಸ್ ಫಂಕ್ಷನ್ ಬಳಸಬೇಡಿ. ಅದು 5ನ್ನು 05 ಎಂದು ಬರೆಯುವುದಿಲ್ಲ, ಮುಂದೆ 0ಎಕ್ಸ್ ಬೇರೆ ಅಂಟಿಸುತ್ತದೆ. ಯಾವ ಭಾಷೆಯಾದರೂ ಸರಿ, ಎರಡಂಕಿ ಅಗಲ, ಮುಂದೆ ಸೊನ್ನೆ ತುಂಬು ಎಂಬ ಫಾರ್ಮ್ಯಾಟ್ ಕೊಡಲೇಬೇಕು. ಬೈಟ್ 16ಕ್ಕಿಂತ ಕಡಿಮೆಯಾದಾಗ ಮಾತ್ರ ಈ ದೋಷ ಕಾಣುವುದರಿಂದ ನಾಲ್ಕೈದು ಸಲ ಓಡಿಸಿ ನೋಡಿದರೆ ಸಿಕ್ಕಿಬೀಳದೆಯೂ ಹೋಗಬಹುದು.

ಶೆಲ್‌ಗೆ ಬಂದರೆ, ಬ್ಯಾಶ್‌ನ ರ‍್ಯಾಂಡಮ್ ವೇರಿಯಬಲ್ 0ಯಿಂದ 32767ರವರೆಗೆ ಕೊಡುತ್ತದೆ. 32768ನ್ನು 256 ನಿಶ್ಶೇಷವಾಗಿ ಭಾಗಿಸುವುದರಿಂದ ಶೇಷ ತೆಗೆದರೆ ಪಕ್ಷಪಾತವಿಲ್ಲ. ಕುಳಿ ಬೇರೆ ಕಡೆ ಇದೆ. ಡೆಬಿಯನ್, ಉಬುಂಟುಗಳಲ್ಲಿ ಎಸ್‌ಎಚ್ ಎಂದರೆ ಡ್ಯಾಶ್, ಅಲ್ಲಿ ಈ ವೇರಿಯಬಲ್ ಇಲ್ಲವೇ ಇಲ್ಲ. ಇಲ್ಲದ ವೇರಿಯಬಲ್ಲನ್ನು ಲೆಕ್ಕದೊಳಗೆ ಹಾಕಿದರೆ ಡ್ಯಾಶ್ ಅದನ್ನು ಸೊನ್ನೆ ಎಂದುಕೊಳ್ಳುತ್ತದೆ. ದೋಷದ ಸೊಲ್ಲೇ ಇಲ್ಲದೆ ಎಲ್ಲ ಯಂತ್ರಗಳಿಗೂ 02:00:00:00:00:00 ಹೋಗುತ್ತದೆ. ಟರ್ಮಿನಲ್‌ನಲ್ಲಿ ಪರೀಕ್ಷಿಸಿದಾಗ ಬ್ಯಾಶ್ ಓಡಿದ್ದರಿಂದ ಸರಿಯಾಗಿತ್ತು, ನಿಗದಿತ ಹೊತ್ತಿಗೆ ಓಡಿಸುವ ಕ್ರಾನ್‌ನಲ್ಲಿ ಹಾಕಿದಾಗ ಎಸ್‌ಎಚ್ ಓಡಿತು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಬರೆಯಿರಿ. ಬ್ಯಾಶ್ 5.1ರಿಂದ ಎಸ್‌ರ‍್ಯಾಂಡಮ್ ಎಂಬ 32 ಬಿಟ್‌ನದ್ದೂ ಇದೆ, ಅದಕ್ಕೆ ಸೀಡ್ (ಸರಣಿ ಯಾವ ಸಂಖ್ಯೆಯಿಂದ ಶುರುವಾಗಬೇಕೆಂಬುದು) ಗೊಡವೆಯಿಲ್ಲ.

ಯಾವ ಶೆಲ್‌ನಲ್ಲೂ ನಡೆಯುವ, ನನಗೆ ಹೆಚ್ಚು ಹಿಡಿಸುವ ದಾರಿ ಓ, ಡಿ ಎಂಬ ಎರಡಕ್ಷರದ ಓಡಿ ಆಜ್ಞೆ. /ಡೆವ್/ಯುರ‍್ಯಾಂಡಮ್ ಕಡತದಿಂದ 5 ಬೈಟ್ ಓದಲು ಹೇಳಿ, ವಿಳಾಸದ ಕಾಲಂ ಬೇಡವೆನ್ನಿ, ಒಂದೊಂದು ಬೈಟನ್ನೂ ಹೆಕ್ಸ್‌ನಲ್ಲಿ ಕೇಳಿ. ಪ್ರತಿ ಬೈಟಿನ ಮುಂದೆ ಒಂದು ಖಾಲಿ ಜಾಗ ಬರುತ್ತದೆ, ಮೊದಲನೆಯದರ ಮುಂದೆಯೂ. ಟಿಆರ್ ಆಜ್ಞೆಯಿಂದ ಖಾಲಿ ಜಾಗವನ್ನೆಲ್ಲ ಕೋಲನ್ ಮಾಡಿ, ಮುಂದೆ 02 ಅಂಟಿಸಿದರೆ ಅಡ್ರೆಸ್ ಸಿದ್ಧ. ಬಿಟ್ ತಿದ್ದುವ ಲೆಕ್ಕವೇ ಬೇಕಿಲ್ಲ. ಮ್ಯಾಕ್‌ಓಎಸ್‌ನ ಓಡಿ ಜಾಗವನ್ನು ಹೆಚ್ಚು ಬಿಡುವುದರಿಂದ ಅಲ್ಲಿ ಟಿಆರ್‌ಗೆ ಒಟ್ಟೊಟ್ಟಿಗೆ ಬಂದವನ್ನು ಒಂದೇ ಮಾಡುವ ಎಸ್ ಆಯ್ಕೆ ಕೊಡಿ, ಕೊನೆಗೆ 17 ಅಕ್ಷರಕ್ಕೆ ಕತ್ತರಿಸಿ.

ಆಕ್‌ನ ಕಥೆ ಸೀಡಿನದು. ಎಸ್‌ರ‍್ಯಾಂಡ್ ಕರೆಯದಿದ್ದರೆ ಗಾಕ್ ಪ್ರತಿ ಸಲವೂ ಅದೇ ಸರಣಿ ಕೊಡುತ್ತದೆ. ಕರೆದರೆ ಗಡಿಯಾರದ ಸೆಕೆಂಡನ್ನು ಸೀಡ್ ಮಾಡಿಕೊಳ್ಳುತ್ತದೆ. ಲೂಪ್‌ನಲ್ಲಿ ಇಪ್ಪತ್ತು ವಿಎಂಗಳಿಗೆ ಇಪ್ಪತ್ತು ಸಲ ಆಕ್ ಕರೆದರೆ, ಇಪ್ಪತ್ತೂ ಒಂದೇ ಸೆಕೆಂಡಿನಲ್ಲಿ ಮುಗಿದು ಇಪ್ಪತ್ತಕ್ಕೂ ಒಂದೇ ಅಡ್ರೆಸ್. ನಡುವೆ ಒಂದು ಸೆಕೆಂಡ್ ಸ್ಲೀಪ್ ಹಾಕುವುದು ಪರಿಹಾರವಲ್ಲ, ಎರಡು ಹೋಸ್ಟ್‌ಗಳಲ್ಲಿ ಏಕಕಾಲಕ್ಕೆ ಓಡಿದರೆ ಮತ್ತೆ ಅದೇ. ಪರ್ಲ್‌ನಲ್ಲಿ ಸೀಡ್ ತಾನಾಗಿ ಆಗುತ್ತದೆ. ಹಳೆಯ ಅಭ್ಯಾಸದಿಂದ ಎಸ್‌ರ‍್ಯಾಂಡ್‌ಗೆ ಟೈಮ್ ಕೊಟ್ಟು ಕರೆದು ಇದ್ದ ಒಳ್ಳೆಯದನ್ನು ಕೆಡಿಸಿಕೊಳ್ಳಬೇಡಿ. ಲುವಾ 5.4ಕ್ಕಿಂತ ಹಿಂದಿನವಕ್ಕೆ ಸೀಡ್ ನಾವೇ ಕೊಡಬೇಕು, ಓಪನ್‌ಡಬ್ಲ್ಯುಆರ್‌ಟಿ ರೂಟರ್‌ನಲ್ಲಿರುವುದು 5.1.

ಪರ್ಲ್‌ನಲ್ಲಿ ರ‍್ಯಾಂಡ್ 255, ಪವರ್‌ಶೆಲ್‌ನ ಗೆಟ್-ರ‍್ಯಾಂಡಮ್‌ಗೆ ಗರಿಷ್ಠ 255, ಜಾವಾಸ್ಕ್ರಿಪ್ಟ್‌ನಲ್ಲಿ ಮ್ಯಾತ್ ರ‍್ಯಾಂಡಮ್‌ಗೆ 255ರ ಗುಣಾಕಾರ: ಮೂರರಲ್ಲೂ ಎಫ್‌ಎಫ್ ಎಂದೂ ಬರುವುದಿಲ್ಲ, ಮೇಲಿನ ತುದಿ ಹೊರಗುಳಿಯುತ್ತದೆ. 256 ಕೊಡಿ. ಪಿಎಚ್‌ಪಿಯ ರ‍್ಯಾಂಡಮ್ ಇಂಟ್ ಎರಡೂ ತುದಿ ಸೇರಿಸುತ್ತದೆ, ಅಲ್ಲಿ 255 ಸರಿ. ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೊಂದು: ಇಡೀ ಅಡ್ರೆಸ್ಸನ್ನು 48 ಬಿಟ್‌ನ ಒಂದೇ ಸಂಖ್ಯೆಯಾಗಿ ಇಟ್ಟುಕೊಂಡು ಆ್ಯಂಡ್, ಆರ್ ಮಾಡಿದರೆ ಮೇಲಿನ 16 ಬಿಟ್ ಮಾಯ. ಆ ಕ್ರಿಯೆಗಳು ಅಲ್ಲಿ 32 ಬಿಟ್‌ಗೆ ಸೀಮಿತ. ಬೈಟ್ ಬೈಟಾಗಿ ಮಾಡಿ, ಪ್ಯಾಡ್‌ಸ್ಟಾರ್ಟ್‌ನಿಂದ ಎರಡಂಕಿ ತುಂಬಿಸಿ.

ರ‍್ಯಾಂಡಮ್ ಬೇಡ, ಹೆಸರಿನಿಂದಲೇ ತೆಗೆಯಿರಿ

ಮ್ಯಾಕ್ ಅಡ್ರೆಸ್ ಗುಟ್ಟಿನ ಕೀಲಿಯಲ್ಲ, ಯಾರೂ ಊಹಿಸಬಾರದೆಂದೇನಿಲ್ಲ. ಬೇಕಾದ್ದು ಬೇರೆ ಯಾರಿಗೂ ಇಲ್ಲದಿರುವುದು, ನಾಳೆಯೂ ಅದೇ ಇರುವುದು. ಪ್ರತಿ ಸಲ ವಿಎಂ ಒಡೆದು ಕಟ್ಟಿದಾಗಲೂ ಹೊಸ ಅಡ್ರೆಸ್ ಹುಟ್ಟಿದರೆ ಡಿಎಚ್‌ಸಿಪಿ ಹೊಸ ಐಪಿ ಕೊಡುತ್ತದೆ, ಹಳೆಯ ಲೀಸ್‌ಗಳು ಕೊಳೆಯುತ್ತ ಕೂರುತ್ತವೆ, ಚಿಕ್ಕ ಪೂಲ್ ಆದರೆ ಬರಿದಾಗುತ್ತದೆ. ಆದ್ದರಿಂದ ಲ್ಯಾಬ್‌ಗಳಿಗೆ ನಾನು ಶಿಫಾರಸು ಮಾಡುವುದು ಹ್ಯಾಶ್: ಲ್ಯಾಬ್‌ನ ಹೆಸರು, ವಿಎಂ ಹೆಸರು, ಕಾರ್ಡಿನ ಕ್ರಮಸಂಖ್ಯೆ ಮೂರನ್ನೂ ನಡುವೆ ಗೆರೆ ಹಾಕಿ ಜೋಡಿಸಿ, ಎಸ್‌ಎಚ್‌ಎ 256 ತೆಗೆದು, ಮೊದಲ ಐದು ಬೈಟ್‌ಗೆ ಮುಂದೆ 02 ಇಡಿ. ಕ್ರಮಸಂಖ್ಯೆ ಮರೆತರೆ ಒಂದೇ ವಿಎಂನ ಎರಡು ಕಾರ್ಡಿಗೂ ಒಂದೇ ಅಡ್ರೆಸ್. ಲ್ಯಾಬ್‌ನ ಹೆಸರು ಬಿಟ್ಟರೆ ಎಲ್ಲರ ಬಳಿಯೂ ಇರುವ ಡಿಬಿ1, ವೆಬ್1 ಹೆಸರುಗಳು ಡಿಕ್ಕಿಯಾಗುತ್ತವೆ.

ಶೆಲ್‌ನಲ್ಲಿ ಎಕೋ ಬಳಸಿದರೆ ಹೆಸರಿನ ಕೊನೆಗೆ ಹೊಸ ಸಾಲಿನ ಗುರುತು ಸೇರಿಕೊಂಡು ಹ್ಯಾಶ್ ಬೇರೆಯಾಗುತ್ತದೆ. ಪೈಥಾನ್ ಸ್ಕ್ರಿಪ್ಟ್ ಕೊಟ್ಟದ್ದಕ್ಕೂ ಶೆಲ್ ಕೊಟ್ಟದ್ದಕ್ಕೂ ತಾಳೆಯಾಗುವುದಿಲ್ಲ. ಪ್ರಿಂಟ್‌ಎಫ್ ಬಳಸಿ. ಹೆಸರನ್ನು ಮೊದಲು ಚಿಕ್ಕಕ್ಷರಕ್ಕೆ ತನ್ನಿ. ಡೊಮೇನ್ ಸಮೇತ ಬರೆಯುವುದೋ ಬರೀ ಹೆಸರೋ ಎಂದು ಒಮ್ಮೆ ತೀರ್ಮಾನಿಸಿ. ಪೈಥಾನಿನ ಹ್ಯಾಶ್ ಎಂಬ ಒಳಗಿನ ಫಂಕ್ಷನ್ ಇದಕ್ಕೆ ಸಲ್ಲದು, 3.3ರಿಂದ ಅದು ಸ್ಟ್ರಿಂಗ್‌ಗಳಿಗೆ ಪ್ರತಿ ಓಟದಲ್ಲೂ ಬೇರೆ ಉತ್ತರ ಕೊಡುತ್ತದೆ. ಯಂತ್ರಗಳನ್ನು ಸಜ್ಜುಗೊಳಿಸಲು ಆನ್ಸಿಬಲ್ ಬಳಸುವವರಿಗೆ ರ‍್ಯಾಂಡಮ್ ಮ್ಯಾಕ್ ಎಂಬ ಫಿಲ್ಟರ್ ಸಿದ್ಧವಿದೆ. ಪ್ರಿಫಿಕ್ಸ್ ಕೊಟ್ಟು, ಸೀಡ್‌ಗೆ ಇನ್ವೆಂಟರಿಯ ಹೋಸ್ಟ್‌ನೇಮ್ ಹಾಕಿದರೆ ಪ್ರತಿ ಸಲ ಅದೇ ಬರುತ್ತದೆ. ಸೀಡ್ ಇಲ್ಲದಿದ್ದರೆ ಪ್ಲೇಬುಕ್ ಓಡಿದಾಗಲೆಲ್ಲ ಬದಲಾವಣೆ ಎಂದು ತೋರಿಸುತ್ತದೆ.

ರ‍್ಯಾಂಡಮ್ಮೇ ಬೇಕೆಂದರೆ ಅದನ್ನು ಹೋಸ್ಟ್‌ನಲ್ಲಿ (ವಿಎಂ ಓಡಿಸುವ ಯಂತ್ರದಲ್ಲಿ) ಹುಟ್ಟಿಸಿ, ಗೆಸ್ಟ್ (ಆ ವಿಎಂ) ಒಳಗೆ ಅಲ್ಲ. ಓಡುತ್ತಿರುವ ವಿಎಂನ ಸ್ನ್ಯಾಪ್‌ಶಾಟ್‌ನಿಂದ ಎಬ್ಬಿಸಿದ ನಕಲುಗಳಲ್ಲಿ ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಭಾಗದ ಸ್ಥಿತಿಯೂ ನಕಲಾಗಿರುತ್ತದೆ. ಲಿನಕ್ಸ್ 5.18ರಿಂದ, ಹೈಪರ್‌ವೈಸರ್ ಸಹಕರಿಸಿದರೆ, ಗೆಸ್ಟ್ ಇದನ್ನು ಗುರುತಿಸಿ ಮತ್ತೆ ಸೀಡ್ ಮಾಡಿಕೊಳ್ಳುತ್ತದೆ. ಅದಕ್ಕಿಂತ ಹಳೆಯದರಲ್ಲಿ ಅದರ ಮೇಲೆ ಭಾರ ಹಾಕಬೇಡಿ.

ಬರೆದಿಡುವ ಕಡತದಲ್ಲಿ ಕಾದಿರುವ ಬಲೆ

ಹುಟ್ಟಿದ ಅಡ್ರೆಸ್ ಸೆಟ್ಟಿಂಗ್‌ಗಳನ್ನು ಬರೆದಿಡುವ ಯಾವುದೋ ಯಾಮಲ್ ಕಡತಕ್ಕೆ ಹೋಗುತ್ತದೆ. ಅಲ್ಲಿ ಉದ್ಧರಣ ಚಿಹ್ನೆ ಹಾಕದೆ 52:54:00:12:34:56 ಎಂದು ಬರೆದರೆ ಪೈಥಾನಿನ ಲೈಬ್ರರಿ ಪೈಯಾಮಲ್ ಅದನ್ನು ಸ್ಟ್ರಿಂಗ್ ಎಂದು ಓದುವುದಿಲ್ಲ. ಯಾಮಲ್ 1.1ರಲ್ಲಿ ಕೋಲನ್‌ನಿಂದ ಬೇರ್ಪಟ್ಟ ಅಂಕಿಗಳು, ಎರಡನೆಯದರಿಂದ ಎಲ್ಲವೂ 60ಕ್ಕಿಂತ ಕಡಿಮೆಯಿದ್ದರೆ, ಗಂಟೆ ನಿಮಿಷಗಳಂತೆ ಅರವತ್ತರ ಮಾನದ ಪೂರ್ಣಾಂಕ. ಈ ಅಡ್ರೆಸ್ 41,13,50,85,296 ಆಗಿ ಹೊರಬರುತ್ತದೆ. ಅಕ್ಷರ ಬಂದರೆ, ಅಥವಾ 60 ದಾಟಿದ ಜೋಡಿಯಿದ್ದರೆ ಏನೂ ಆಗುವುದಿಲ್ಲ. ಅದಕ್ಕೇ ಇದು ಕಣ್ಣುತಪ್ಪಿಸುವುದು: 52:54:00 ಪ್ರಿಫಿಕ್ಸ್‌ನ ರ‍್ಯಾಂಡಮ್ ಅಡ್ರೆಸ್‌ಗಳಲ್ಲಿ ಸುಮಾರು 78ಕ್ಕೆ ಒಂದು ಮಾತ್ರ ಈ ಬಲೆಗೆ ಬೀಳುತ್ತದೆ. 02ರಿಂದ ಶುರುವಾದವು ಬೀಳುವುದಿಲ್ಲ, ಏಕೆಂದರೆ ಆ ನಿಯಮದಲ್ಲಿ ಮೊದಲ ಅಂಕಿ ಸೊನ್ನೆಯಾಗುವಂತಿಲ್ಲ. ಹೇಗಿದ್ದರೂ ಸ್ಕ್ರಿಪ್ಟ್ ಬರೆಯುವಾಗಲೇ ಉದ್ಧರಣ ಚಿಹ್ನೆ ಹಾಕಿಬಿಡಿ. ಎಕ್ಸೆಲ್‌ಗೆ ಹೋಗುವುದಾದರೆ ಕಾಲಂ ಟೆಕ್ಸ್ಟ್ ಎಂದು ಮೊದಲೇ ಗೊತ್ತುಮಾಡಿ. ಕೋಲನ್ ಇಲ್ಲದ ಅಡ್ರೆಸ್‌ನ ಮುಂದಿನ ಸೊನ್ನೆಗಳನ್ನು ಅದು ನುಂಗುತ್ತದೆ, ನಡುವೆ ಒಂದೇ ಒಂದು ಇ ಇದ್ದು ಉಳಿದವು ಅಂಕಿಗಳಾಗಿದ್ದರೆ ಘಾತಾಂಕವೆಂದು ಓದುತ್ತದೆ.

ಮೊದಲೇ ಇದ್ದ ಪಟ್ಟಿಯೊಂದಿಗೆ ಹೋಲಿಸುವ ಮುನ್ನ ಎಲ್ಲವನ್ನೂ ಚಿಕ್ಕಕ್ಷರದ, ಚಿಹ್ನೆಯಿಲ್ಲದ 12 ಅಂಕಿಗೆ ಇಳಿಸಿ. ವಿಂಡೋಸ್ ಅಡ್ಡಗೆರೆ ಹಾಕುತ್ತದೆ, ಸಿಸ್ಕೊ ನಾಲ್ಕಂಕಿಗೊಂದು ಚುಕ್ಕಿ ಇಡುತ್ತದೆ. ಹಾಗೇ ಹೋಲಿಸಿದರೆ ಒಂದಕ್ಕೊಂದು ಹೊಂದುವುದೇ ಇಲ್ಲ, ಡಿಕ್ಕಿಯೇ ಇಲ್ಲವೆಂದು ಸ್ಕ್ರಿಪ್ಟ್ ನಿಶ್ಚಿಂತೆಯಾಗಿ ಹೇಳುತ್ತದೆ.

ಕಾರ್ಡಿಗೆ ಹಾಕುವಾಗ

ಲಿನಕ್ಸಿನಲ್ಲಿ ಇಂಟರ್‌ಫೇಸನ್ನು ಡೌನ್ ಮಾಡಿ, ಅಡ್ರೆಸ್ ಕೊಟ್ಟು, ಅಪ್ ಮಾಡಿ. ಡೌನ್ ಮಾಡದಿದ್ದರೆ ಅನೇಕ ಡ್ರೈವರ್‌ಗಳು ಸಾಧನ ಬಿಡುವಿಲ್ಲ ಎಂಬ ದೋಷ ಕೊಡುತ್ತವೆ. ಮೂಲ ಅಡ್ರೆಸ್ ಈಥ್‌ಟೂಲ್‌ಗೆ ದೊಡ್ಡ ಪಿ ಆಯ್ಕೆ ಕೊಟ್ಟರೆ ಸಿಗುತ್ತದೆ. ಈಗಿನದು ಎಲ್ಲಿಂದ ಬಂತೆಂಬುದು ಸಿಸ್ ಕಡತವ್ಯವಸ್ಥೆಯ ಅಡ್ರ್ ಅಸೈನ್ ಟೈಪ್ ಎಂಬ ಕಡತದಲ್ಲಿದೆ: 0 ಎಂದರೆ ಕಾರ್ಡಿನದೇ, 1 ಎಂದರೆ ಡ್ರೈವರ್ ರ‍್ಯಾಂಡಮ್ ಹಾಕಿದ್ದು, 3 ಎಂದರೆ ನಾವು ಕೊಟ್ಟದ್ದು. ಬೂಟ್ ಆದಾಗಲೆಲ್ಲ ಐಪಿ ಬದಲಾಗುವ ಅಗ್ಗದ ಬೋರ್ಡುಗಳಲ್ಲಿ ಇಲ್ಲಿ 1 ಕಾಣುವುದು ಮಾಮೂಲು.

ಬ್ರಿಡ್ಜ್ ಇದ್ದಲ್ಲಿ ಒಂದು ಸೂಕ್ಷ್ಮವಿದೆ. ಲಿನಕ್ಸ್ ಬ್ರಿಡ್ಜ್‌ಗೆ ಅಡ್ರೆಸ್ ನಾವೇ ಕೊಡದಿದ್ದರೆ ಅದು ತನ್ನ ಪೋರ್ಟ್‌ಗಳಲ್ಲಿ ಅತಿ ಕಡಿಮೆ ಇರುವ ಅಡ್ರೆಸ್ಸನ್ನು ತನ್ನದಾಗಿಸಿಕೊಳ್ಳುತ್ತದೆ. ಹೊಸ ಟ್ಯಾಪ್‌ಗೆ (ವಿಎಂ ಕಾರ್ಡಿನ ಹೋಸ್ಟ್ ಕಡೆಯ ತುದಿಗೆ) 02ರಿಂದ ಶುರುವಾಗುವ ಅಡ್ರೆಸ್ ಇಟ್ಟು ಸೇರಿಸಿದರೆ ಬ್ರಿಡ್ಜ್‌ನ ಅಡ್ರೆಸ್ಸೇ ಬದಲಾಗಿ ಹೋಸ್ಟ್‌ನ ಸಂಪರ್ಕ ಕೆಲಕಾಲ ಕಡಿಯಬಹುದು. ವಿಎಂ ಶುರು ಮಾಡಿದಾಗ ಎಸ್‌ಎಸ್‌ಎಚ್ ಗಕ್ಕನೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಲಿಬ್‌ವರ್ಟ್ ಟ್ಯಾಪ್‌ನ ಮೊದಲ ಬೈಟನ್ನು ಎಫ್‌ಇ ಮಾಡುವುದು ಇದಕ್ಕೇ. ಗೆಸ್ಟ್‌ನ ಕಾರ್ಡಿಗೆ 52, ಹೋಸ್ಟ್ ಕಡೆಯ ಟ್ಯಾಪ್‌ಗೆ ಎಫ್‌ಇ, ಉಳಿದ ಐದು ಬೈಟ್ ಒಂದೇ. ಕೈಯಾರೆ ಟ್ಯಾಪ್ ಕಟ್ಟುವವರು ಇದನ್ನೇ ಅನುಸರಿಸಿ, ಇಲ್ಲವೇ ಬ್ರಿಡ್ಜ್‌ಗೆ ಅಡ್ರೆಸ್ ಖಾಯಂ ಮಾಡಿ.

ಗೆಸ್ಟ್ ಒಳಗೆ, ಬೂಟ್ ಆಗುವಾಗ ಅದನ್ನು ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಬರೆದ ನೆಟ್‌ಪ್ಲಾನ್ (ನೆಟ್‌ವರ್ಕ್ ಸೆಟ್ಟಿಂಗ್) ಕಡತದಲ್ಲಿ ಮ್ಯಾಕ್ ಅಡ್ರೆಸ್ ಹೊಂದಿಸುವ ಸಾಲು ಇರುತ್ತದೆ. ಹೊರಗೆ ಅಡ್ರೆಸ್ ಬದಲಿಸಿ ಒಳಗಿನ ಸಾಲು ಬಿಟ್ಟರೆ ಕಾರ್ಡ್ ಇರುತ್ತದೆ, ಐಪಿ ಬರುವುದಿಲ್ಲ. ಸ್ವಿಚ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಇದ್ದರೆ, ಸಿಸ್ಕೊದಲ್ಲಿ ಬದಲಿಸದ ಹೊರತು ಮಿತಿ ಒಂದೇ ಅಡ್ರೆಸ್, ಮೀರಿದರೆ ಪೋರ್ಟೇ ಬಂದ್. ಆಫೀಸಿನ ನೆಟ್‌ವರ್ಕ್ ಆದರೆ ಅಲ್ಲಿನ ಅಡ್ಮಿನ್‌ಗೆ ಹೇಳಿಯೇ ಮುಂದುವರಿಯಿರಿ. ವೈಫೈ ಮೇಲೆ ವಿಎಂ ಬ್ರಿಡ್ಜ್ ಮಾಡಿ ರ‍್ಯಾಂಡಮ್ ಅಡ್ರೆಸ್ ಕೊಡುವುದು ಸಾಮಾನ್ಯವಾಗಿ ನಡೆಯದು; ತನ್ನ ಜೊತೆ ಸೇರಿಕೊಂಡ ಅಡ್ರೆಸ್‌ನಿಂದ ಬಂದದ್ದನ್ನು ಮಾತ್ರ ಆಕ್ಸೆಸ್ ಪಾಯಿಂಟ್ ಒಪ್ಪುತ್ತದೆ. ಅಲ್ಲಿ ನ್ಯಾಟ್ ಬಳಸಿ.

ಒಂದೇ ಅಡ್ರೆಸ್ ಎರಡು ಕಡೆ ಇದ್ದಾಗ ಲಕ್ಷಣ ವಿಚಿತ್ರ. ಪಿಂಗ್ ಕೆಲವು ಸೆಕೆಂಡ್ ಹೋಗುತ್ತದೆ, ಕೆಲವು ಸೆಕೆಂಡ್ ಹೋಗುವುದಿಲ್ಲ, ಯಾಕೆಂದರೆ ಸ್ವಿಚ್ ಯಾರು ಕೊನೆಗೆ ಮಾತಾಡಿದರೋ ಅವರ ಪೋರ್ಟ್‌ಗೆ ಕಳಿಸುತ್ತದೆ. ಸಿಸ್ಕೊ ಲಾಗ್‌ನಲ್ಲಿ ಮ್ಯಾಕ್ ಫ್ಲಾಪ್ ಎಂಬ ಸಾಲು ಬರುತ್ತದೆ. ಲಿನಕ್ಸ್ ಬ್ರಿಡ್ಜ್ ಆದರೆ, ನನ್ನದೇ ಅಡ್ರೆಸ್‌ನಿಂದ ಪ್ಯಾಕೆಟ್ ಬಂತು ಎಂದು ಕರ್ನಲ್ ದೂರುತ್ತದೆ. ಡಿಎಚ್‌ಸಿಪಿ ಇಬ್ಬರಿಗೂ ಒಂದೇ ಐಪಿ ಕೊಡಬಹುದು, ಆಗ ಐಪಿ ಡಿಕ್ಕಿಯೆಂದು ತಪ್ಪು ದಾರಿಯಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ.

ಸ್ಕ್ರಿಪ್ಟನ್ನು ಬಳಕೆಗೆ ಬಿಡುವ ಮುನ್ನ ಒಂದು ಲಕ್ಷ ಅಡ್ರೆಸ್ ಹುಟ್ಟಿಸಿ ಎಣಿಸಿ. ಹ್ಯಾಶ್ ಬಳಸಿದ್ದರೆ ಒಂದು ಲಕ್ಷ ಬೇರೆಬೇರೆ ಹೆಸರು ಕೊಟ್ಟು ನೋಡಿ. ನಿಜವಾಗಿ ಬಳಸುವಂತೆಯೇ, ಪ್ರತಿ ಅಡ್ರೆಸ್ಸಿಗೂ ಸ್ಕ್ರಿಪ್ಟನ್ನು ಹೊಸದಾಗಿ ಕರೆಯುವುದು ಮುಖ್ಯ. ಒಂದೇ ಓಟದೊಳಗೆ ಲೂಪ್ ಹಾಕಿದರೆ ಸೀಡಿನ ದೋಷ ಬಚ್ಚಿಟ್ಟುಕೊಳ್ಳುತ್ತದೆ. ಪ್ರತಿಯೊಂದೂ 17 ಅಕ್ಷರ ಇರಬೇಕು, ಎರಡನೇ ಅಂಕಿ ಮೇಲೆ ಹೇಳಿದ ನಾಲ್ಕರಲ್ಲೊಂದಾಗಿರಬೇಕು, ಕೊನೆಯ ಬೈಟ್ ಎಫ್‌ಎಫ್ ಆಗಿರುವುದು 390ರ ಆಸುಪಾಸು ಸಿಗಬೇಕು. 02 ಜೊತೆ ಐದು ಬೈಟ್ ಇದ್ದರೆ ನಕಲು ಒಂದೂ ಬರಬಾರದು. ಮೂರು ಬೈಟ್ ಪ್ರಿಫಿಕ್ಸ್ ಇದ್ದರೆ ಸುಮಾರು 298 ಜೋಡಿ ನಕಲು ಬಂದೇ ಬರುತ್ತವೆ, ಅದು ದೋಷವಲ್ಲ, 24 ಬಿಟ್‌ನ ಹಣೆಬರಹ. ಸಾವಿರಾರು ಬಂದರೆ ಸೀಡ್ ನೋಡಿ. ಮೂರು ಬೈಟ್ ಪ್ರಿಫಿಕ್ಸ್ ಇಟ್ಟೂ ಒಂದು ಜೋಡಿಯೂ ಬರದಿದ್ದರೆ ಎಣಿಸುವ ಸ್ಕ್ರಿಪ್ಟನ್ನು ನೋಡಿ.